ನಿಮಗಿದು ಗೊತ್ತೇ? ಮಲಪ್ರಭೆ ಸೀಮೆಯ ತಲೆ ಎಣಿಕೆ

ಹಳೆಯ ಕಾಗದಪತ್ರಗಳಲ್ಲಿ ಜನಗಣತಿಯ ಹೆಸರು ‘ಖಾನೇಸುಮಾರಿ’. ಫಾರ್ಸಿಯ ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ನಮ್ಮ ‘ಸುಮಾರು’ ಕೂಡ ಅದೇ ಬಳಗದ್ದು. ಲೆಕ್ಕವೂ ಸುಮಾರೇ ಎಂದು ಬೇಕಾದರೆ ನಗಬಹುದು.

ರಾಮದುರ್ಗ ಒಂದು ಕಾಲಕ್ಕೆ ಬೇರೆಯೇ ‘ದೇಶ’! ಭಾವೆ ಮನೆತನದ ಸಂಸ್ಥಾನ, ಹರವು 169 ಚದರ ಮೈಲಿ. 1901ರಲ್ಲಿ ಅಲ್ಲಿದ್ದ ಪ್ರಜೆಗಳು 37,848. ಅವರ ಎಣಿಕೆ ಬೆಳಗಾವಿ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 2011ಕ್ಕೆ ಬಂದರೆ ರಾಮದುರ್ಗ ಪಟ್ಟಣವೊಂದರಲ್ಲೇ 34 ಸಾವಿರಕ್ಕೂ ಮಿಕ್ಕಿದ ಜನ. ಅಜ್ಜನ ಕಾಲದ ರಾಜ್ಯ ಹೆಚ್ಚುಕಡಿಮೆ ಮೊಮ್ಮಗನ ಕಾಲದ ಪುರಸಭೆಯೊಳಗೆ ಕೂತಿದೆ. ಇಟಲಿಯ ಹೊಟ್ಟೆಯೊಳಗಿರುವ ಸ್ಯಾನ್ ಮರಿನೊ ದೇಶದ ಜನಸಂಖ್ಯೆಯೂ ಸುಮಾರು ಇಷ್ಟೇ. ಅದಕ್ಕೆ ವಿಶ್ವಸಂಸ್ಥೆಯಲ್ಲಿ ಒಂದು ಓಟಿದೆ, ರಾಮದುರ್ಗಕ್ಕೆ ಒಬ್ಬ ಶಾಸಕ.

ಸವದತ್ತಿ ಪಟ್ಟಣ (2011ರಲ್ಲಿ 41 ಸಾವಿರ) ಲಿಕ್ಟೆನ್‌ಸ್ಟೈನ್ ದೇಶಕ್ಕೆ ಸರಿಸಮ.

1891ರಿಂದ 1901ರ ನಡುವೆ ಬೆಳಗಾವಿ ಜಿಲ್ಲೆಯ ಜನ ಹೆಚ್ಚಲಿಲ್ಲ, ನೂರಕ್ಕೆ ಇಬ್ಬರಂತೆ ಕಡಿಮೆಯಾದರು. ಪ್ಲೇಗು, ಮೇಲಿಂದ ಮೇಲೆ ಬರ. ಉಳಿದವರು 9,93,976. ಆಮೇಲೆ ಗಡಿ ಅತ್ತಿತ್ತ ಸರಿದಿದೆ, ನಿಜ. ಆದರೂ 2011ರಲ್ಲಿ ಜಿಲ್ಲೆಯ ಜನ 47 ಲಕ್ಷ ದಾಟಿದ್ದರು.

ಒಂದು ಕೂಸಿಲ್ಲದ್ದಕ್ಕೆ ಕಿತ್ತೂರು ರಾಜ್ಯವೇ ಹೋಯಿತು. 1824ರಲ್ಲಿ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ‘ದತ್ತುಮಕ್ಕಳಿಗೆ ರಾಜ್ಯವಿಲ್ಲ’ ಎಂಬ ನೀತಿಗೆ ಹೆಸರಾದ ಡಾಲ್‌ಹೌಸಿ ಬರಲು ಇನ್ನೂ 24 ವರ್ಷ ಇತ್ತು! ಕಂಪನಿಯೊಡನೆ ಕಾದಿ ಸೆರೆಸಿಕ್ಕ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ಕಣ್ಣುಮುಚ್ಚಿದ ಬೈಲಹೊಂಗಲದಲ್ಲಿ ಅವಳ ಸಮಾಧಿಯಿದೆ.

ಅಂಕಿಸಂಖ್ಯೆ ಹೆಸರುಗಳಲ್ಲೂ ಅಡಗಿರುತ್ತದೆ. ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ‘ತಿಪ್ಪಣ್ಣ’, ‘ತಿಪ್ಪವ್ವ’ ಎಂದು ಕರೆಯುತ್ತಿದ್ದರು, ಯಮ ಹೇಸಿಕೊಂಡು ಬಿಟ್ಟು ಹೋಗಲಿ ಎಂದು. ಸಾಲಾಗಿ ಹೆಣ್ಣೇ ಹುಟ್ಟಿದರೆ ಕಡೆಯವಳು ‘ಸಾಕವ್ವ’. ಇವತ್ತಿನ ಅಂಗನವಾಡಿ ಹಾಜರಿಯಲ್ಲಿ ಈ ಹೆಸರುಗಳನ್ನು ಹುಡುಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರಬೇಕೆಂದರೂ 2.1 ಬೇಕು. ‘ಸಾಕು’ ಎನ್ನುವ ಮಾತು ಈಗ ಕೂಸು ಹುಟ್ಟುವ ಮೊದಲೇ ಬಂದಿರುತ್ತದೆ.

2001-2011ರಲ್ಲಿ ಬೆಳಗಾವಿ ಜಿಲ್ಲೆ ನೂರಕ್ಕೆ 13ರಂತೆ ಬೆಳೆಯಿತು. ಬೈಲಹೊಂಗಲ ಪಟ್ಟಣವೂ 43 ಸಾವಿರದಿಂದ 49 ಸಾವಿರಕ್ಕೆ ಏರಿ ಅದರ ಸರಿಸಮ ನಡೆಯಿತು. ಸವದತ್ತಿ, ರಾಮದುರ್ಗ ನೂರಕ್ಕೆ ಹತ್ತರೊಳಗೇ ನಿಂತವು. ಯಾಕೆ? ಬಸ್‌ಸ್ಟ್ಯಾಂಡಿಗೆ ಹೋದರೆ ಅರ್ಧ ಉತ್ತರ ಸಿಗುತ್ತದೆ: ಹಾಸಿಗೆಯ ಸುರುಳಿ, ಕಟಕ ರೊಟ್ಟಿಯ ಗಂಟು, ಗೋವಾ ಬಸ್ಸಿಗೆ ಕಾಯುವ ಜೋಡಿ. ‘ದುಡಿಯಾಕ ಹೊಂಟೇವ್ರಿ’ ಎನ್ನುತ್ತಾರೆ. ಊರು ಬಿಟ್ಟೇವೆಂದು ಯಾರೂ ಅನ್ನುವುದಿಲ್ಲ.

ಸವದತ್ತಿ ತಾಲ್ಲೂಕಿನ ಹಳೆಯ ಹೆಸರು ಪರಸಗಡ.

2011ರ ಗಣತಿಯಲ್ಲಿ ಕಿತ್ತೂರು ತಾಲ್ಲೂಕಿಗೆ ಬೇರೆ ಸಾಲೇ ಇಲ್ಲ, ಅದು ಬೈಲಹೊಂಗಲದ ಹೊಟ್ಟೆಯಲ್ಲಿತ್ತು. ಸವದತ್ತಿಯಿಂದ ಬೇರೆಯಾದ ಯರಗಟ್ಟಿಯ ಕಥೆಯೂ ಅದೇ. ಕಿತ್ತೂರಿಗೆ ತನ್ನದೇ ತಲೆ ಲೆಕ್ಕ ಸಿಗುವುದು 2027ರ ಗಣತಿಯಲ್ಲಿ.

2011ರಲ್ಲಿ ಮನೆಮನೆ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಭಾರತ ಹುಣ್ಣಿಮೆ 18ಕ್ಕೆ! ಅಂದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜಾತ್ರೆ, ‘ಉಧೋ ಉಧೋ’ ಎನ್ನುವ ಲಕ್ಷಗಟ್ಟಲೆ ಮಂದಿ. ಚಕ್ಕಡಿ, ಟ್ರ್ಯಾಕ್ಟರು, ಒಲೆ ಹೂಡಿದ ಕಲ್ಲುಗಳು, ಭಂಡಾರದ ಹಳದಿ. ಇವರಲ್ಲಿ ಹೊರಗಿನಿಂದ ಜಾತ್ರೆಗೆ ಬಂದವರು ಸವದತ್ತಿಯ ಲೆಕ್ಕಕ್ಕಿಲ್ಲ, ಅವರವರ ಊರಿನ ಪಟ್ಟಿಗೇ ಸೇರಬೇಕು. ಮುಂದಿನ ಎಣಿಕೆಯೂ ಫೆಬ್ರುವರಿಯಲ್ಲೇ. 2027ರ ಆ ತಿಂಗಳ 20ಕ್ಕೆ ಮತ್ತೆ ಭಾರತ ಹುಣ್ಣಿಮೆ.