ಕರ್ತವ್ಯ ಬರೆದಿದೆ, ಹಕ್ಕು ಬರೆದಿಲ್ಲ

ಮನೆಯ ಬಾವಿಯ ನೀರು ಕುಡಿಯಲು ಯೋಗ್ಯವಾಗಿರಬೇಕು. ತೊಟ್ಟಿಲಿನಲ್ಲಿ ಮಲಗಿದ ಮಗು ಉಸಿರಾಡುವ ಗಾಳಿಯಲ್ಲಿ ವಿಷವಿರಬಾರದು. ಇದು ನಮ್ಮ ಹಕ್ಕೇ ಎಂದು ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಆದರೆ ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗವನ್ನು ತೆರೆದು ಓದಿದರೆ ಈ ಮಾತು ಎಲ್ಲಿಯೂ ಕಾಣುವುದಿಲ್ಲ. ಬರೆಯದೆ ಉಳಿದ ಹಕ್ಕಿನ ಬೆಲೆ ಎಷ್ಟೆಂಬುದನ್ನು ಕಾಸರಗೋಡಿನ ತಾಯಂದಿರು ಚೆನ್ನಾಗಿ ಬಲ್ಲರು.

ಆಕಾಶದಿಂದ ಸುರಿದ ವಿಷ

ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಸರಕಾರದ ನಿಗಮವೊಂದಕ್ಕೆ ಸೇರಿದ ಸಾವಿರಾರು ಹೆಕ್ಟೇರ್ ಗೇರು ತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ತೋಟದ ಬದಿಯಲ್ಲೇ ಮನೆಗಳು, ಬಾವಿಗಳು, ಶಾಲೆಗಳು. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಂದಿಗೆ ಹಳ್ಳಕ್ಕೆ ಇಳಿಯುತ್ತಿತ್ತು.

ಕರುಗಳು ಕಾಲು ತಿರುಚಿಕೊಂಡು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಕನ್ನಡ ಮಾತನಾಡುವ ಪಡ್ರೆ, ವಾಣಿನಗರದ ಸುತ್ತಮುತ್ತ ಬುದ್ಧಿಮಾಂದ್ಯತೆ, ಅಪಸ್ಮಾರ, ಅಂಗವೈಕಲ್ಯದ ಮಕ್ಕಳು ಅಸಹಜವೆನಿಸುವಷ್ಟು ಇದ್ದಾರೆಂಬುದನ್ನು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಗುರುತಿಸಿದರು. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಇದೇ ಕಥೆ.

ಸಿಂಪಡಣೆಯನ್ನು ಮೊದಲು ನ್ಯಾಯಾಲಯಕ್ಕೆ ಎಳೆದು ತಡೆದದ್ದು ಒಬ್ಬ ಮಹಿಳೆ. ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿಯಮ್ಮ ತಮ್ಮ ಮನೆಯ ಪಕ್ಕದ ತೋಟದ ಸಿಂಪಡಣೆಯ ವಿರುದ್ಧ ಕಾಸರಗೋಡು ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 1998ರಲ್ಲಿ ತಡೆಯಾಜ್ಞೆ ಸಿಕ್ಕಿತು. 13 ಮೇ 2011ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಯನ್ನು ನಿಷೇಧಿಸಿ ಮಧ್ಯಂತರ ಆದೇಶ ನೀಡಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶವಾಯಿತು. ಐದು ವರ್ಷಗಳ ನಂತರ, 2022ರ ಮೇಯಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು ಕೇವಲ ಎಂಟು ಮಂದಿಗೆ! ಆ ಎಂಟು ಮಂದಿಯೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು. ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ದೆಹಲಿಯವರೆಗೆ ಓಡಾಡಲು ಎಷ್ಟು ತಾಯಂದಿರಿಗೆ ಸಾಧ್ಯ?

ಕಾನೂನು ಏನು ಹೇಳುತ್ತದೆ?

1976ರ 42ನೇ ತಿದ್ದುಪಡಿಯಲ್ಲಿ ಪರಿಸರದ ಮಾತು ಎರಡು ಕಡೆ ಸೇರಿತು. 48ಎ ವಿಧಿ ಪರಿಸರವನ್ನು ಕಾಪಾಡಲು ಸರಕಾರಕ್ಕೆ ನಿರ್ದೇಶನ ಕೊಡುತ್ತದೆ. ಆದರೆ ಅದು ನಿರ್ದೇಶಕ ತತ್ವ, ಅದನ್ನು ಜಾರಿಗೊಳಿಸಿ ಎಂದು ಕೋರ್ಟಿನಲ್ಲಿ ನೇರವಾಗಿ ಕೇಳುವಂತಿಲ್ಲ. 51ಎ(ಜಿ) ವಿಧಿ ಕಾಡು, ಕೆರೆ, ನದಿಗಳನ್ನು ರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎನ್ನುತ್ತದೆ. ಅಂದರೆ ನಮ್ಮ ಕರ್ತವ್ಯವನ್ನು ಬರೆದಿಟ್ಟಿದ್ದಾರೆ, ನಮ್ಮ ಹಕ್ಕನ್ನು ಬರೆದಿಲ್ಲ.

ಈ ಕೊರತೆಯನ್ನು ತುಂಬಿದ್ದು ನ್ಯಾಯಾಲಯಗಳು. 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಶುದ್ಧ ಗಾಳಿ ಮತ್ತು ನೀರಿನ ಹಕ್ಕೂ ಅಡಗಿದೆ ಎಂದು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನೂ 2024ರಲ್ಲಿ ಎತ್ತಿ ಹಿಡಿಯಿತು.

ಹಾಗಾದರೆ ಇನ್ನು ಬರೆಯುವ ಅಗತ್ಯವೇನು ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಮಕ್ಕಳ ಶಾಲೆಯಲ್ಲಿದೆ. ಶಿಕ್ಷಣವೂ ಒಂದು ಕಾಲದಲ್ಲಿ ನಿರ್ದೇಶಕ ತತ್ವವಾಗಿತ್ತು. 14 ವರ್ಷದವರೆಗಿನ ಮಕ್ಕಳಿಗೆ ಅದು ಮೂಲಭೂತ ಹಕ್ಕು ಎಂದು 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜನರ ಒತ್ತಾಯದ ಬಳಿಕ 2002ರ 86ನೇ ತಿದ್ದುಪಡಿಯಲ್ಲಿ 21ಎ ವಿಧಿಯಾಗಿ ಅದು ಸಂವಿಧಾನ ಸೇರಿತು. 2010ರ ಎಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಬರೆದ ಮೇಲೆ ಕಾಯ್ದೆ ಬಂತು, ನಿಯಮ ಬಂತು, ಯಾರನ್ನು ಕೇಳಬೇಕೆಂಬುದು ಸಾಮಾನ್ಯ ತಾಯಿಗೂ ತಿಳಿಯಿತು. ನೀರು ಮತ್ತು ಗಾಳಿಗೂ ಇದೇ ದಾರಿ ಆಗಬೇಕು.

ಇದು ಹೊಸ ಬೇಡಿಕೆಯೇನೂ ಅಲ್ಲ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗವು 2002ರಲ್ಲೇ ಶುದ್ಧ ಕುಡಿಯುವ ನೀರು ಮತ್ತು ಪರಿಸರ ರಕ್ಷಣೆಯನ್ನು ಮೂಲಭೂತ ಹಕ್ಕಾಗಿ ಸೇರಿಸಲು ಶಿಫಾರಸು ಮಾಡಿತ್ತು. ಅದು ಕಡತದಲ್ಲೇ ಉಳಿಯಿತು. ದಕ್ಷಿಣ ಆಫ್ರಿಕಾ 1996ರಲ್ಲಿ, ನೆರೆಯ ನೇಪಾಳ 2015ರಲ್ಲಿ, ಪಾಕಿಸ್ತಾನ 2024ರಲ್ಲಿ ಈ ಹಕ್ಕನ್ನು ತಮ್ಮ ಸಂವಿಧಾನಗಳಲ್ಲಿ ಬರೆದುಕೊಂಡಿವೆ. 28 ಜುಲೈ 2022ರಂದು ವಿಶ್ವಸಂಸ್ಥೆಯ ಮಹಾಸಭೆ 161 ಮತಗಳಿಂದ ಇದನ್ನು ಮಾನವ ಹಕ್ಕೆಂದು ಒಪ್ಪಿತು, ಭಾರತವೂ ಪರವಾಗಿ ಮತ ಹಾಕಿತು. ಆ ನಿರ್ಣಯ ದೇಶಗಳ ಮೇಲೆ ಕಡ್ಡಾಯವಲ್ಲ. ಅದಕ್ಕೆ ಬಲ ಬರಬೇಕಾದುದು ನಮ್ಮ ಸಂಸತ್ತಿನಿಂದ.

ನಾವೇನು ಮಾಡಬಹುದು?

ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಶಿಕ್ಷಣದ ಹಕ್ಕು ಬಂದ ಮೇಲೂ ಶಾಲೆಯಿಂದ ಹೊರಗುಳಿದ ಮಕ್ಕಳಿದ್ದಾರೆ. ಆದರೆ ಹಕ್ಕು ಸ್ಪಷ್ಟವಾಗಿ ಬರೆದಿದ್ದರೆ ನಾವು ಬೇಡುವವರಾಗಿ ಅಲ್ಲ, ಕೇಳುವವರಾಗಿ ನಿಲ್ಲುತ್ತೇವೆ.

ಸಂವಿಧಾನ ತಿದ್ದುಪಡಿಗೆ ಸಂಸತ್ತಿನ ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕುವವರ ಮೂರನೇ ಎರಡರಷ್ಟು ಬೆಂಬಲ ಬೇಕು. ಆದ್ದರಿಂದ ನಮ್ಮ ಸಂಸದರಿಗೆ ಇದು ತಲುಪಬೇಕು. ಸ್ವಸಹಾಯ ಸಂಘದ ಸಭೆಯಲ್ಲಿ ಒಂದು ಪತ್ರ ಬರೆದು ಎಲ್ಲರೂ ಸಹಿ ಹಾಕಬಹುದು. ಮತ ಕೇಳಲು ಅಂಗಳಕ್ಕೆ ಬಂದವರಲ್ಲಿ ರಸ್ತೆ, ದೀಪದ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬಹುದು. ಊರಿನ ಹಳ್ಳಕ್ಕೆ ಕೊಳಕು ಹರಿದುಬಂದರೆ ಗ್ರಾಮಸಭೆಯಲ್ಲಿ ದಾಖಲಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ಅದರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮಾಹಿತಿ ಹಕ್ಕಿನಡಿ ಆ ದೂರು ಏನಾಯಿತೆಂದು ವಿಚಾರಿಸಬಹುದು.

ನೀರು ಕೆಟ್ಟರೆ ದೂರದಿಂದ ಹೊತ್ತು ತರುವವಳು ಹೆಣ್ಣು. ಮಗು ಕಾಯಿಲೆ ಬಿದ್ದರೆ ರಾತ್ರಿಯಿಡೀ ಎಚ್ಚರವಿರುವವಳೂ ಅವಳೇ. ಈ ಹಕ್ಕನ್ನು ಸಂವಿಧಾನದಲ್ಲಿ ಬರೆಯಿರಿ ಎಂದು ಮೊದಲು ಕೇಳಬೇಕಾದವರು, ಸಹೋದರಿಯರೇ, ನಾವೇ ಅಲ್ಲವೇ?