ಚೆಂಬೂರಿನ ಬಿಸಿಲು, ಕೈಚೀಲದ ವಿದ್ಯುತ್ತು

2025ರ ಆಗಸ್ಟ್ 19ರ ಸಂಜೆ, ಮುಂಬಯಿಯ ಮೇಲೆ ಮಳೆಯು ಬಿಡುವಿಲ್ಲದೆ ಸುರಿಯುತ್ತಿದ್ದ ಹೊತ್ತಿನಲ್ಲಿ, ಚೆಂಬೂರಿನ ಮೈಸೂರು ಕಾಲೊನಿ ನಿಲ್ದಾಣದ ಸಮೀಪ, ಮಿತಿಮೀರಿದ ಜನಭಾರದಿಂದ ವಿದ್ಯುತ್ಸಂಪರ್ಕ ತಪ್ಪಿದ ಮಾನೊರೈಲು ಎತ್ತರದ ಹಳಿಯ ಮೇಲೆ ನಡುದಾರಿಯಲ್ಲಿಯೇ ನಿಂತುಬಿಟ್ಟಿತು. ಅಗ್ನಿಶಾಮಕ ದಳದವರು ಐನೂರಕ್ಕೂ ಮಿಕ್ಕ ಪ್ರಯಾಣಿಕರನ್ನು ಕೆಳಗಿಳಿಸುವವರೆಗಿನ ಆ ದೀರ್ಘಾವಧಿಯಲ್ಲಿ, ಒಳಗಿದ್ದವರ ಕ್ಷೇಮಸಮಾಚಾರವನ್ನು ಮನೆಯವರಿಗೆ ಮುಟ್ಟಿಸಬಲ್ಲ ಸಾಧನವೆಂದರೆ ಕೈಯಲ್ಲಿದ್ದ ಮೊಬೈಲೊಂದೇ. 2020ರ ಅಕ್ಟೋಬರ್ 12ರ ಬೆಳಿಗ್ಗೆ ವಿದ್ಯುಜ್ಜಾಲವು ಕುಸಿದು ಲೋಕಲ್ ರೈಲುಗಳು ಸ್ತಬ್ಧವಾದಾಗಲೂ ಹೀಗೆಯೇ ಆಗಿದ್ದಿತು. ಇಂತಹ ಆಪತ್ತಿಗೆಂದೇ ಜನರು ಪವರ್ ಬ್ಯಾಂಕ್ ಕೊಳ್ಳುತ್ತಾರೆ. ಅದರ ಬೆನ್ನಿಗೆ ಸೌರಫಲಕವನ್ನು ಅಂಟಿಸಿದ ಬಗೆಯೂ ಅಂಗಡಿಗಳಲ್ಲಿ ದೊರೆಯುವುದರಿಂದ, ಅದರ ಉಪಯುಕ್ತತೆಯನ್ನು ಲೆಕ್ಕಹಾಕಿ ನೋಡುವುದು ಉಚಿತ.

ಸಾಧಾರಣವಾದ 10,000 ಮಿಲಿ ಆಂಪಿಯರ್-ಅವರ್ ಪವರ್ ಬ್ಯಾಂಕಿನ ಲಿಥಿಯಂ ಕೋಶಗಳು, 3.7 ವೋಲ್ಟಿನ ಪ್ರಕಾರ, 37 ವ್ಯಾಟ್-ಗಂಟೆಯಷ್ಟು ಶಕ್ತಿಯನ್ನು ಹಿಡಿದಿಡುತ್ತವೆ. ನಡುಹಗಲಿನ ಸ್ವಚ್ಛವಾದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿಯನ್ನು ಸುರಿಸುತ್ತದೆಯಾದರೂ, ಅಂಗೈಯಗಲದ ಫಲಕವು ತನ್ನ ಮೇಲೆ ಬಿದ್ದುದರಲ್ಲಿ ಐದರಲ್ಲೊಂದು ಪಾಲನ್ನಷ್ಟೇ ವಿದ್ಯುತ್ತಾಗಿ ಪರಿವರ್ತಿಸುವುದರಿಂದ, ಕೈಗೆ ಬರುವುದು ಒಂದೂವರೆ ವ್ಯಾಟಿನ ಆಸುಪಾಸು. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು ದೊರೆತರೂ ಬ್ಯಾಂಕು ತುಂಬಲು ಐದಾರು ದಿನ ಬೇಕು. ಚೆಂಬೂರಿನ ಫ್ಲ್ಯಾಟುಗಳಲ್ಲಿ, ಎದುರು ಕಟ್ಟಡದ ನೆರಳನ್ನೂ ಕಿಟಕಿಯ ಗಾಜನ್ನೂ ದಾಟಿ ಓರೆಯಾಗಿ ಬರುವ ಬೆಳಕಿನಲ್ಲಿ, ಇನ್ನೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ, ಅಂದರೆ ಅದರ ಅಗತ್ಯವು ಅತ್ಯಧಿಕವಾಗಿರುವ ಮಾಸಗಳಲ್ಲಿ, ಸೂರ್ಯನ ದರ್ಶನವೇ ದುರ್ಲಭ.

ಹಾಗೆಂದು ಅದನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ಒಂದು ಗಂಟೆಯ ಬಿಸಿಲು ಕೊಡುವ ಅಲ್ಪ ಶಕ್ತಿಯೂ ಸತ್ತ ಮೊಬೈಲಿಗೆ ಕೆಲವು ನಿಮಿಷಗಳ ಮಾತನ್ನು ಒದಗಿಸುತ್ತದೆ. ಆಪತ್ಕಾಲದಲ್ಲಿ ಅಷ್ಟೇ ಸಾಕಾಗುವುದುಂಟು. ಆದರೆ ನಿಜವಾದ ಸೌಲಭ್ಯವನ್ನು ಬಯಸುವವರು, ಫಲಕವನ್ನೂ ಬ್ಯಾಂಕನ್ನೂ ಬೇರೆಬೇರೆಯಾಗಿ ಕೊಳ್ಳುವುದು ಲೇಸು. 20 ವ್ಯಾಟಿನ ಮಡಚುವ ಫಲಕವು ಅದೇ ಬ್ಯಾಂಕನ್ನು ನಾಲ್ಕು ಗಂಟೆಗಳೊಳಗೆ ಬಹುಮಟ್ಟಿಗೆ ತುಂಬಬಲ್ಲದು. ಅದಕ್ಕಿಂತಲೂ ಮುಖ್ಯವಾದುದು ಉಷ್ಣದ ವಿಷಯ: ಲಿಥಿಯಂ ಕೋಶವನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಚಾರ್ಜ್ ಮಾಡಿದರೆ ಅದರ ಆಯುಸ್ಸು ಕುಂದುತ್ತದೆ, ಅಪಾಯವೂ ಉಂಟು, ಬಿಸಿಲಿನಲ್ಲಿ ಕಾಯಲೇಬೇಕಾದ ಫಲಕಕ್ಕೂ ತಣ್ಣಗಿರಬೇಕಾದ ಕೋಶಕ್ಕೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿಸುವುದೇ ಈ ಉಪಕರಣದ ಮೂಲದೋಷ. ಉದ್ದನೆಯ ತಂತಿಯಿದ್ದಲ್ಲಿ ಫಲಕವು ಬಿಸಿಲಿನಲ್ಲಿಯೂ ಬ್ಯಾಂಕು ನೆರಳಿನಲ್ಲಿಯೂ ಇರಬಹುದು.

ಮಡಚುವ ಫಲಕದ ಸಾರ್ಥಕತೆಯು ಚೆಂಬೂರಿಗಿಂತ, ಮೇ ತಿಂಗಳಲ್ಲಿ ಇಲ್ಲಿಯ ಕನ್ನಡಿಗರು ತೆರಳುವ ಉಡುಪಿ, ದಕ್ಷಿಣ ಕನ್ನಡದ ಊರುಮನೆಗಳಲ್ಲಿ ಕಾಣಸಿಗುತ್ತದೆ. ಅಲ್ಲಿ ಸಂಜೆಯ ಗುಡುಗುಮಳೆಗೆ ಮರ ಬಿದ್ದು ತಂತಿ ಕಡಿದರೆ ಕರೆಂಟು ದಿನಗಟ್ಟಲೆ ಬಾರದಿರುವುದುಂಟು. ಮರುದಿನ ಬೆಳಿಗ್ಗೆಯೋ, ಮಳೆಯ ಸುಳಿವೇ ಇಲ್ಲದಂತೆ ಅಂಗಳದ ತುಂಬ ಬಿಸಿಲು. ಹಪ್ಪಳ ಒಣಗಿಸುವ ಜಾಗದಲ್ಲಿ ಫಲಕವನ್ನು ಹರಡಿದರೆ ಮಧ್ಯಾಹ್ನದೊಳಗೆ ಮನೆಯವರ ಮೊಬೈಲುಗಳಿಗೆ ಜೀವ ಬರುತ್ತದೆ. ವಿಮಾನದಲ್ಲಿ ಹೋಗುವವರು ಮಾತ್ರ, ಬ್ಯಾಂಕು 100 ವ್ಯಾಟ್-ಗಂಟೆಯನ್ನು ಮೀರದಂತೆ ನೋಡಿಕೊಂಡು, ಅದನ್ನು ಕೈಚೀಲದಲ್ಲಿಯೇ ಒಯ್ಯತಕ್ಕದ್ದು.

ಮಳೆಗಾಲಕ್ಕೆ ಚೆಂಬೂರಿಗೆ ಮರಳಿದ ಮೇಲೆ ಸೂರ್ಯನನ್ನು ನೆಚ್ಚದೆ, ಗೋಡೆಯ ಪ್ಲಗ್ಗಿನಿಂದಲೇ ಬ್ಯಾಂಕನ್ನು ತುಂಬಿಸಿ, ಕೆಲಸಕ್ಕೆ ಹೊರಡುವವರ ಚೀಲದಲ್ಲಿ ತಂತಿಯ ಸಮೇತ ಇರಿಸಬೇಕು.