ಚಟ್ನಿಪುಡಿ ಮಾರಲು ಹೊರಟಾಗ

ಸಂಘದ ಹಬ್ಬದೂಟಕ್ಕೆ ಒಯ್ದ ನಮ್ಮ ಚಟ್ನಿಪುಡಿಯನ್ನು ನಾಲ್ಕು ಜನ ಮೆಚ್ಚಿ, "ಡಬ್ಬಿಗೆ ಎಷ್ಟಾದರೂ ಸರಿ, ಮಾಡಿಕೊಡಿ" ಎಂದಾಗ ನಾವು ಗಂಡ-ಹೆಂಡತಿ ಇಬ್ಬರೂ ಉಬ್ಬಿಹೋದೆವು. ಕರ್ಕ್‌ಲ್ಯಾಂಡಿನ ಅಡುಗೆಮನೆ, ಒಂದು ಮಿಕ್ಸಿ, ಬ್ಯಾಡಗಿ ಮೆಣಸಿನಕಾಯಿ, ಇನ್ನೇನು ಬೇಕು? ಬೇಕಾದದ್ದು ಬಹಳವಿತ್ತೆಂದು ಆಮೇಲೆ ತಿಳಿಯಿತು. ಇದೇ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ದುಡ್ಡು ಮುಟ್ಟುವ ಮುನ್ನ ವೀಸಾ ನೋಡಿಕೊಳ್ಳಿ. ಎಚ್-4ರಲ್ಲಿರುವವರು ಇಎಡಿ ಕಾರ್ಡ್ ಇಲ್ಲದೆ ಸಂಪಾದನೆಯ ಕೆಲಸ ಮಾಡುವಂತಿಲ್ಲ. 2015ರ ಮೇ 26ರಿಂದ ಆ ಕಾರ್ಡ್ ಸಿಗುತ್ತಿರುವುದೂ ಕೆಲವರಿಗಷ್ಟೇ: ಸಂಗಾತಿಯ ಐ-140 ಮಂಜೂರಾಗಿರಬೇಕು, ಇಲ್ಲವೇ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ರಾಜ್ಯದ ಪರ್ಮಿಟ್ ಗೋಡೆಯ ಮೇಲಿದ್ದರೂ ಫೆಡರಲ್ ವಲಸೆ ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಎಂಟು ಡಾಲರಿನ ಡಬ್ಬಿಗಾಗಿ ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡನ್ನು ಪಣಕ್ಕಿಡಲಾದೀತೇ? ವಕೀಲರ ಒಂದು ಗಂಟೆಯ ಫೀಸೇ ನಮ್ಮ ಮೊದಲ ಬಂಡವಾಳವಾಯಿತು.

ವಾಷಿಂಗ್ಟನ್ ರಾಜ್ಯದ 2011ರ 'ಕಾಟೇಜ್ ಫುಡ್' ಕಾನೂನು ಮನೆಯಲ್ಲಿ ಮಾಡಿದ ಕೆಲವು ತಿನಿಸುಗಳನ್ನು ಮಾರಲು ಬಿಡುತ್ತದೆ. ಪರ್ಮಿಟ್ ಕೊಡುವುದು ಕೃಷಿ ಇಲಾಖೆ. ವರ್ಷದ ಮಾರಾಟದ ಮಿತಿ ಮೊದಲು 15,000 ಡಾಲರ್ ಇತ್ತು, 2015ರಲ್ಲಿ 25,000, 2023ರಲ್ಲಿ 35,000 ಆಯಿತು. ಮಾಡುವಾಗ ಚಿಕ್ಕ ಮಕ್ಕಳು, ಸಾಕುಪ್ರಾಣಿಗಳು ಅಡುಗೆಮನೆಯಲ್ಲಿರಕೂಡದು. ಪಕ್ಕದ ಒಲೆಯಲ್ಲಿ ಮನೆಯ ಸಾರೂ ಕುದಿಯಕೂಡದು! ತಿನ್ನುವವರಿಗೇ ನೇರವಾಗಿ ಮಾರಬೇಕು; ಇಂಡಿಯನ್ ಅಂಗಡಿಯಲ್ಲಿ ಇಡುವಂತಿಲ್ಲ.

ಗೊಂದಲ ಶುರುವಾಗುವುದು ಪಟ್ಟಿಯಲ್ಲಿ. ಅದನ್ನು ಬರೆದವರ ಕಣ್ಣೆದುರು ಕುಕಿ, ಜಾಮ್ ಇದ್ದವೇ ಹೊರತು ನಮ್ಮ ಪುಡಿ ಇರಲಿಲ್ಲ. ಒಣ ಮಸಾಲೆ ಮಿಶ್ರಣಕ್ಕೇನೋ ಅವಕಾಶವಿದೆ. ಆದರೆ ಹುರಿದ ಬೇಳೆ, ಕೊಬ್ಬರಿ, ಬೆಲ್ಲ, ಹುಣಿಸೆ ಸೇರಿದ್ದು ಮಸಾಲೆಯೋ, ತಿನಿಸೋ? ಕೋಡ್ ಬರೆಯುವ ನಮಗೆ ಅರೆಬರೆ ಸ್ಪೆಸಿಫಿಕೇಶನ್ ಹೊಸದಲ್ಲ. ಇಲ್ಲಿ ಬಗ್ ಬಂದರೆ ಹೊಣೆ ನಮ್ಮದೇ, ಅಷ್ಟೇ ವ್ಯತ್ಯಾಸ. ಇಂಥ ಕಡೆ ಹೆಸರು ಬಿಟ್ಟು ನಿಯಮದ ಕಾರಣ ಹುಡುಕಬೇಕು. ಫ್ರಿಜ್ಜಿನ ಹೊರಗಿಟ್ಟರೆ ಸೂಕ್ಷ್ಮಜೀವಿ ಬೆಳೆಯುತ್ತದೆಯೇ ಎಂಬುದೇ ಮುಖ್ಯ. ಅದನ್ನು ನಿರ್ಧರಿಸುವುದು ನೀರಿನ ಅಂಶ ಮತ್ತು ಹುಳಿ. ಪಿಎಚ್ 4.6ಕ್ಕಿಂತ ಮೇಲಿದ್ದು, ತೇವವಿದ್ದು, ಗಾಳಿಯಾಡದಿದ್ದರೆ ಬಾಟ್ಯುಲಿಸಂ ವಿಷದ ಭಯ. ಉಪ್ಪಿನಕಾಯಿಗೆ ಅನುಮತಿಯಿಲ್ಲ. ಹೂರಣದ ಹೋಳಿಗೆಯನ್ನು ನಾವೇ ಕೈಬಿಟ್ಟೆವು.

ಲೇಬಲ್ಲೂ ಸುಲಭವಲ್ಲ. 2023ರ ಜನವರಿ 1ರಿಂದ ಎಳ್ಳನ್ನು ಅಲರ್ಜಿ ಪದಾರ್ಥವೆಂದು ನಮೂದಿಸಲೇಬೇಕು. ಮರದ ಬೀಜಗಳ ಸಾಲಿನಲ್ಲಿದ್ದ ತೆಂಗನ್ನು ಎಫ್‌ಡಿಎ 2025ರ ಜನವರಿಯಲ್ಲಿ ತೆಗೆದುಹಾಕಿತು. ಹಳೆಯ ಲೇಬಲ್ ನೋಡಿ ನಕಲು ಮಾಡಿದರೆ ಎರಡೂ ತಪ್ಪಾದೀತು. ಇನ್ನು ನಗರದ ಬಿಸಿನೆಸ್ ಲೈಸೆನ್ಸ್ ಬೇರೆ. ರಾಜ್ಯದ ಬಿ ಅಂಡ್ ಓ ತೆರಿಗೆ ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ. ಸಣ್ಣವರಿಗೆ ವಿನಾಯಿತಿ ಇದೆಯೆನ್ನುವುದು ಸಮಾಧಾನ.

ಫೋನಿನಲ್ಲಿ ಕೇಳಿದ "ಆಗಬಹುದು" ನಾಳೆ ಸಾಕ್ಷಿಗೆ ಬರುವುದಿಲ್ಲ. ಹಾಗಾಗಿ ಗ್ರಾಂ ಲೆಕ್ಕದಲ್ಲಿ ಪಾಕವಿಧಾನ ಬರೆದು, ಪ್ರಶ್ನೆಯನ್ನು ಲಿಖಿತವಾಗಿ ಕಳಿಸಿದ್ದೇವೆ. ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಉತ್ತರ ಬಂದಿಲ್ಲ. ತಂದಿಟ್ಟ ನೂರು ಡಬ್ಬಿ ಗ್ಯಾರೇಜಿನಲ್ಲಿವೆ. ಪುಡಿ ಬೇಕೆಂದವರು ಸದ್ಯಕ್ಕೆ ನಮ್ಮ ಮನೆಗೇ ಊಟಕ್ಕೆ ಬರಬೇಕು.